ಘಟ್ಟದ ಮೇಲಣ ಹೊಸ ಊರುಗಳೂ ಅವುಗಳ ಮಕ್ಕಳೂ

ಊರುಗಳಲ್ಲಿ ಎರಡು ಬಗೆ. ತಾನಾಗಿ ಹುಟ್ಟಿ ಬೆಳೆದುದು ಒಂದು. ಮೊದಲು ಕಾಗದದ ಮೇಲೆ ಹುಟ್ಟಿ ಅನಂತರ ನೆಲಕ್ಕೆ ಇಳಿದುದು ಇನ್ನೊಂದು. ಮೊದಲನೆಯ ಬಗೆಯ ಊರಿಗೆ ಹಳ್ಳವೋ ಕೆರೆಯೋ ದಾರಿಗಳ ಕೂಡುಗೆಯೋ ದೇವಸ್ಥಾನವೋ ಮೂಲವಾಗಿರುವುದಲ್ಲದೆ, ಇಂಥವನು ಇಂಥ ದಿನ ಅದನ್ನು ಸ್ಥಾಪಿಸಿದನೆಂದು ಹೇಳಲು ಬಾರದು. ಎರಡನೆಯದಕ್ಕಾದರೋ ಹುಟ್ಟಿದ ವರ್ಷವುಂಟು, ಹುಟ್ಟಿಸಿದವರ ಹೆಸರುಂಟು, ಹುಟ್ಟಿಸಿದ ಉದ್ದೇಶವೂ ಉಂಟು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳ ಕಾಡುಸೀಮೆಯಲ್ಲಿ ಇಸವಿ 1955ರಿಂದ 1987ರವರೆಗಿನ ಅವಧಿಯೊಳಗೆ ಈ ಎರಡನೆಯ ಬಗೆಯ ಊರುಗಳು ಒಂದರ ಹಿಂದೊಂದರಂತೆ ಎದ್ದುವು. ಕಾಗದದ ಕಾರಖಾನೆಗಾಗಿ ದಾಂಡೇಲಿಯ ಬಂಗೂರನಗರ. ಟಿಬೇಟದ ನಿರಾಶ್ರಿತರಿಗಾಗಿ ಮುಂಡಗೋಡದ ವಸತಿ. ವಿದ್ಯುಚ್ಛಕ್ತಿಗಾಗಿ ಅಂಬಿಕಾನಗರ ಮತ್ತು ಗಣೇಶಗುಡಿ. ಆ ವಿದ್ಯುಚ್ಛಕ್ತಿಯ ನಿಮಿತ್ತ ನೀರಿನಲ್ಲಿ ಮುಳುಗಿದ ಸೂಪದವರಿಗಾಗಿ ರಾಮನಗರ. ಇವುಗಳ ಕಾರಖಾನೆ, ಆಣೆಕಟ್ಟು, ವಿಹಾರಗಳನ್ನು ಕುರಿತು ಬರೆದವರು ಅನೇಕರಿದ್ದಾರೆ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳನ್ನು ಕುರಿತು ಬರೆದವರು ವಿರಳ. ಊರನ್ನು ಯೋಜಿಸಿದವರು ಮಗುವಿಗಾಗಿ ಏನನ್ನು ಯೋಜಿಸಿದರು, ಏನನ್ನು ಮರೆತರು ಎಂಬುದೇ ಇಲ್ಲಿಯ ಪ್ರಕೃತ ವಿಷಯ.

ಹೊಸ ಊರನ್ನು ಹೂಡುವ ವಿದ್ಯೆ ಇಂದು ನಿನ್ನೆಯದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದರೆ, ಅದರ ಎರಡನೆಯ ಅಧಿಕರಣವು ಜನಪದನಿವೇಶದ ಪ್ರಕರಣದಿಂದಲೇ ಆರಂಭವಾಗುವುದು ಕಾಣುತ್ತದೆ. ನೂರು ಕುಲಗಳಿಗೆ ಕಡಿಮೆಯಿಲ್ಲದೆ, ಐನೂರಕ್ಕೆ ಮೀರದೆ, ಪರಸ್ಪರ ರಕ್ಷಣೆಗೆ ಒದಗುವಂತೆ ಒಂದೆರಡು ಕ್ರೋಶಗಳ ಅಂತರದಲ್ಲಿ ಗ್ರಾಮಗಳನ್ನು ನೆಲೆಗೊಳಿಸಬೇಕೆಂದು ಆಚಾರ್ಯನ ಮತ. ಕಂದಾಯದ ಲೆಕ್ಕ, ಗಡಿಯ ಗುರುತು, ಬೀಜ ಎತ್ತುಗಳ ಸಹಾಯ ಇವೆಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಆತನು ಎರಡು ಮಾತುಗಳನ್ನು ಸೇರಿಸುತ್ತಾನೆ. ಬಾಲರನ್ನೂ ವೃದ್ಧರನ್ನೂ ರೋಗಿಗಳನ್ನೂ ಗತಿಯಿಲ್ಲದವರನ್ನೂ ಅರಸನು ಪೋಷಿಸತಕ್ಕದ್ದೆಂಬುದು ಒಂದು. ಬಾಲಕನ ಸೊತ್ತನ್ನು ಅವನು ವ್ಯವಹಾರಯೋಗ್ಯನಾಗುವ ವರೆಗೆ ಗ್ರಾಮವೃದ್ಧರು ಕಾಯ್ದು ಬೆಳೆಸತಕ್ಕದ್ದೆಂಬುದು ಇನ್ನೊಂದು. ಈ ಎರಡನೆಯ ಮಾತು ಬಹಳ ವಿಚಾರಾರ್ಹವಾದುದು. ಮಗುವಿಗೆ ಅನ್ನವಿಟ್ಟರೆ ಸಾಲದು. ಅದು ದೊಡ್ಡದಾದಾಗ ತನ್ನದೆಂದು ಹೇಳಿಕೊಳ್ಳತಕ್ಕ ಏನೋ ಒಂದು ಆ ಊರಿನಲ್ಲಿ ಅದಕ್ಕಾಗಿ ಕಾದಿರಬೇಕು ಎಂಬ ಅಭಿಪ್ರಾಯ ಇದರಲ್ಲಿ ಅಡಗಿದೆ. (ಅದೇ ಪ್ರಕರಣದಲ್ಲಿ, ರೈತರ ಕೆಲಸಕ್ಕೆ ವಿಘ್ನವಾದೀತೆಂದು ಹೊಸ ಊರುಗಳಲ್ಲಿ ನಟ ನರ್ತಕ ಗಾಯಕರಿಗೆ ಎಡೆಯಿಲ್ಲವೆಂದೂ ಆತನು ವಿಧಿಸಿದ್ದಾನೆ. ಆಟವಿಲ್ಲದ ಊರಿನಲ್ಲಿ ಮಕ್ಕಳು ಹೇಗೆ ದಿನ ಕಳೆದಾವೆಂಬುದನ್ನು ಆಚಾರ್ಯನು ಯೋಚಿಸಿದಂತೆ ತೋರದು.)

ಕರ್ಣಾಟಕದ ಅಗ್ರಹಾರಗಳೂ ಒಂದು ವಿಧದಲ್ಲಿ ಯೋಜಿತ ವಸತಿಗಳೇ. ಮನೆಗಳ ಸಾಲು, ನಡುವೆ ದೇವಾಲಯ, ಊರಿನ ಹೊರಗೆ ಕೆರೆ, ಪ್ರತಿಯೊಂದು ಕುಟುಂಬಕ್ಕೆ ಇಂತಿಷ್ಟು ವೃತ್ತಿಯೆಂದು ಶಾಸನದಲ್ಲಿ ಕೆತ್ತಿಸಿಟ್ಟ ಪಾಲು. ಮುಂಡಗೋಡದಿಂದ ಬಹು ದೂರವಲ್ಲದ ತಾಳಗುಂದವು ಕದಂಬರ ಮೂಲಪುರುಷನಾದ ಮಯೂರಶರ್ಮನ ಹುಟ್ಟೂರು. ಬಳ್ಳಿಗಾವೆಯ ಕೋಡಿಯಮಠದಲ್ಲಿ ವೇದವ್ಯಾಕರಣಾದಿಗಳ ಪಾಠವೂ ದೀನರಿಗೆ ಅನ್ನದಾನವೂ ರೋಗಿಗಳಿಗೆ ಔಷಧೋಪಚಾರವೂ ನಡೆಯುತ್ತಿದ್ದುವೆಂದು 1162ರ ಶಾಸನವು ಸಾರುತ್ತದೆ. ಇವು ಎಲ್ಲರ ಮಕ್ಕಳಿಗೂ ತೆರೆದ ಶಾಲೆಗಳಾಗಿರಲಿಲ್ಲವೆಂಬುದನ್ನು ಮರೆಮಾಚಬೇಕಾದುದಿಲ್ಲ. ಆದರೆ ಅಗ್ರಹಾರದಲ್ಲಿ ಹುಟ್ಟಿದ ಮಗುವಿಗೆ ಮನೆ, ಪಾಠ, ಜೀವನೋಪಾಯ ಈ ಮೂರೂ ಒಂದೇ ಬೀದಿಯಲ್ಲಿ ದೊರೆಯುತ್ತಿದ್ದುವು. ವೃತ್ತಿಯು ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಅರಸನು ಅಳಿದರೂ ಶಿಲೆಯ ಮೇಲಿನ ಬರಹ ಅಳಿಯುತ್ತಿರಲಿಲ್ಲ.

ಪಶ್ಚಿಮದಲ್ಲಿ ಈ ವಿದ್ಯೆ ಹೊಸದಾಗಿ ಚಿಗುರಿದ್ದು ಯಂತ್ರಯುಗದ ಹೊಗೆಯಿಂದ ಬೇಸತ್ತ ಮೇಲೆ. ಇಂಗ್ಲಂಡದ ಎಬೆನೀಜರ್ ಹೋವರ್ಡನು 1898ರಲ್ಲಿ ಉದ್ಯಾನನಗರದ ಕಲ್ಪನೆಯನ್ನು ಮುಂದಿಟ್ಟನು. 1903ರಲ್ಲಿ ಲೆಚ್‌ವರ್ತ್ ಎಂಬ ಊರು ಅದರಂತೆ ಹೂಡಲ್ಪಟ್ಟಿತು. 1929ರಲ್ಲಿ ಅಮೇರಿಕೆಯ ಕ್ಲಾರೆನ್ಸ್ ಪೆರಿಯು ನೆರೆಕೇರಿಯನ್ನೇ ನಗರದ ಅಳತೆಗೋಲಾಗಿ ಮಾಡಿ, ಅದರ ಮಧ್ಯದಲ್ಲಿ ಪ್ರಾಥಮಿಕ ಶಾಲೆಯನ್ನಿರಿಸಿ, ಮಗುವು ದೊಡ್ಡ ರಸ್ತೆಯನ್ನು ದಾಟದೆ ನಡೆದು ಶಾಲೆ ಸೇರುವಂತಿರಬೇಕೆಂದು ವಾದಿಸಿದನು. ಮಗುವಿನ ಹೆಜ್ಜೆಯಿಂದ ಊರನ್ನು ಅಳೆದವರಲ್ಲಿ ಈತನು ಪ್ರಮುಖನು. ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಆಟೋ ಕೋನಿಗ್ಸ್‌ಬರ್ಗರನು ಜಮಶೇದಪುರದ ವಿಸ್ತರಣಕ್ಕೆ ನಕ್ಷೆ ಬರೆಯುವಾಗ ಈ ನೆರೆಕೇರಿಯ ಪದ್ಧತಿಯನ್ನೇ ಅನುಸರಿಸಿದನು. ಹೀಗೆ ಭಾರತದ ಕಾರಖಾನೆಯ ಊರುಗಳಿಗೆ ಶಾಲೆ, ಆಟದ ಬಯಲು, ಆಸ್ಪತ್ರೆ, ನೇರವಾದ ಬೀದಿ ಇವು ಮೂಲ ಲಕ್ಷಣಗಳಾದುವು. ದಾಂಡೇಲಿಯ ಬಾಗಿಲಿಗೆ ಈ ಗಾಳಿ ಬಂದುದು ಸ್ವಾತಂತ್ರ್ಯದ ಅನಂತರ.

ದಾಂಡೇಲಿಯು ಮೊದಲು ಮರದ ಕೋಠಿಯ ಸ್ಥಳ. ಸುತ್ತಲಿನ ಸಾಗವಾನಿಯನ್ನು ಸಾಗಿಸಲು ಅಳ್ನಾವರದಿಂದ ಒಂದು ರೈಲುಹಾದಿ ಅಲ್ಲಿಗೆ ಬಂದಿತ್ತು. ಕಾಡಿನ ಇಲಾಖೆಯ ನೌಕರರು, ಕಡಿಯುವವರು, ಗಾಡಿಯವರು ಬಿಟ್ಟರೆ ಸಂಸಾರ ಹೂಡಿ ನಿಲ್ಲಲು ಬಂದವರು ಕಡಿಮೆ. ಮಲೇರಿಯಾ ಜ್ವರದ ಭಯವೂ ಇತ್ತು. ಇಂಥ ಕಡೆ ಕಾಳೀನದಿಯ ನೀರು, ಕಾಡಿನ ಬಿದಿರು ಎರಡೂ ಕೈಗೆಟಕುವುವೆಂದು ಬಂಗೂರ ಮನೆತನದವರು ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸಂಸ್ಥೆಯನ್ನು ನೆಲೆಗೊಳಿಸಿದರು. ಸಂಸ್ಥೆಯು 1955ರಲ್ಲಿ ಸ್ಥಾಪಿತವಾದಾಗ ಈ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿತ್ತು. 1959ರಲ್ಲಿ ಕಾಗದ ಹೊರಬರುವ ಹೊತ್ತಿಗೆ ಅದು ಮೈಸೂರು ರಾಜ್ಯಕ್ಕೆ ಸೇರಿದ್ದಿತು. ಒಂದೇ ಕಾರಖಾನೆಯ ಗರ್ಭವಾಸ ಒಂದು ರಾಜ್ಯದಲ್ಲಿ, ಜನನ ಇನ್ನೊಂದು ರಾಜ್ಯದಲ್ಲಿ. ಬಿದಿರನ್ನು ಸರಕಾರವು ಕಾರಖಾನೆಗೆ ಅತ್ಯಲ್ಪ ದರಕ್ಕೆ ಕೊಟ್ಟಿತೆಂಬುದೂ, ಬುಟ್ಟಿ ಹೆಣೆಯುವ ಬಡವನು ಪೇಟೆಯಲ್ಲಿ ಅದಕ್ಕೆ ಬಹುಪಾಲು ಹೆಚ್ಚು ತೆರಬೇಕಾಯಿತೆಂಬುದೂ ಪರಿಸರತಜ್ಞ ಮಾಧವ ಗಾಡ್ಗೀಳರ ಬರಹಗಳಿಂದ ಪ್ರಸಿದ್ಧವಾದ ಸಂಗತಿಯೇ.

ಕಾರಖಾನೆಯ ಕೂಡ ಬಂಗೂರನಗರವು ಎದ್ದಿತು. ನೌಕರರ ಮನೆಗಳ ಸಾಲುಗಳು, ಶಾಲೆಗಳು, ಮುಂದೆ ಕಾಲೇಜು. ದಾಂಡೇಲಿಯ ಜನಸಂದಣಿ ಹೇಗಿತ್ತೆಂದರೆ, ಕನ್ನಡ, ಮರಾಠಿ, ಕೊಂಕಣಿ, ಉರ್ದು, ತೆಲುಗು, ತಮಿಳು, ಮಲೆಯಾಳ, ರಾಜಸ್ಥಾನದ ಹಿಂದಿ ಇವೆಲ್ಲವೂ ಒಂದೇ ನಳದ ಮುಂದೆ ಕೊಡ ಹಿಡಿದು ನಿಂತಿದ್ದುವು. ಹಿರಿಯರು ತಮ್ಮ ತಮ್ಮ ಸಂಘ, ಹಬ್ಬ, ಭಜನೆಗಳಲ್ಲಿ ಬೇರೆಬೇರೆಯಾಗಿಯೇ ಉಳಿದರೂ, ಮಕ್ಕಳು ಹಾಗೆ ಉಳಿಯಲಿಲ್ಲ. ಒಂದು ಮಗುವಿಗೆ ಮನೆಯಲ್ಲಿ ಒಂದು ನುಡಿ, ಅಂಗಳದಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಬೇರೆ ಊರುಗಳಲ್ಲಿ ಪಂಡಿತರು ಕಷ್ಟಪಟ್ಟು ಗಳಿಸುವ ಬಹುಭಾಷಾಜ್ಞಾನವು ಇಲ್ಲಿ ಗೋಲಿಯಾಟದಲ್ಲಿಯೇ ಸಿದ್ಧಿಸುತ್ತಿತ್ತು. ಅಂಕೋಲೆಯ ಸೀಮೆಯಲ್ಲಿ ದಿನಕರ ದೇಸಾಯಿಯವರು 1953ರಲ್ಲಿ ಹುಟ್ಟುಹಾಕಿದ ಕೆನರಾ ವೆಲ್‌ಫೇರ್ ಟ್ರಸ್ಟು ದಾಂಡೇಲಿಯಲ್ಲಿಯೂ ಜನತಾ ವಿದ್ಯಾಲಯವನ್ನು ನಡೆಸಿತು. ಚುಟುಕುಗಳ ಕವಿಯೆಂದೇ ಜನ ಬಲ್ಲ ದೇಸಾಯಿಯವರಿಗೆ ರೈತಕಾರ್ಮಿಕರ ಮಕ್ಕಳ ವಿದ್ಯೆಯು ಕವಿತೆಗಿಂತ ಕಡಿಮೆಯ ಕೆಲಸವಾಗಿರಲಿಲ್ಲ. ಕಾರಖಾನೆಯ ಪಟ್ಟಿಯಲ್ಲಿ ತಂದೆಯ ಹೆಸರಿಲ್ಲದ ಹುಡುಗನಿಗೂ ಬಾಗಿಲು ತೆರೆದ ಶಾಲೆಯೊಂದು ಕಾರಖಾನೆಯ ಊರಿನಲ್ಲಿರುವುದು ಸಣ್ಣ ಸಂಗತಿಯಲ್ಲ.

ಆದರೆ ಇಂಥ ಊರುಗಳ ಮನೆಗೆ ಒಂದು ಸ್ವಭಾವವುಂಟು. ಅದು ಹುದ್ದೆಗೆ ಅಂಟಿಕೊಂಡಿರುವುದು, ಮನುಷ್ಯನಿಗಲ್ಲ. ಅಧಿಕಾರಿಗೆ ತೋಟವುಳ್ಳ ಮನೆ, ಗುಮಾಸ್ತನಿಗೆ ಎರಡು ಕೋಣೆಯ ಮನೆ, ಕೂಲಿಗೆ ಸಾಲುಮನೆಯೆಂದು ತಂದೆಯ ತರಗತಿಯು ಬೀದಿಯ ನಕ್ಷೆಯಲ್ಲಿಯೇ ಬರೆದಿರುವುದರಿಂದ, ಯಾವ ಮಗು ಯಾವ ಮಗುವಿನೊಡನೆ ಆಡಬಹುದೆಂಬುದನ್ನು ಬಾಯಿಬಿಟ್ಟು ಯಾರೂ ಹೇಳಬೇಕಾಗಿರಲಿಲ್ಲ. ತಂದೆಗೆ ಬಡತಿಯಾದರೆ ಗೆಳೆಯರು ಬದಲಾಗುವರು. ನಿವೃತ್ತಿಯಾದರೆ ಮನೆಯೇ ಬದಲಾಗುವುದು. ಮಗಳು ಹುಟ್ಟಿದ ಕೋಣೆ, ನೆಟ್ಟ ಮಾವಿನ ಗಿಡ, ಗೋಡೆಯ ಮೇಲೆ ವರ್ಷವರ್ಷಕ್ಕೆ ಎತ್ತರವನ್ನು ಗುರುತಿಸಿದ ಗೆರೆಗಳು, ಇವನ್ನೆಲ್ಲ ಕೀಲಿಕೈಯೊಡನೆ ಒಪ್ಪಿಸಿ ಹೊರಡಬೇಕು. ತೌರುಮನೆಯೆಂಬ ಮಾತಿಗೆ ಕನ್ನಡದಲ್ಲಿರುವ ತೂಕವನ್ನು ಬಲ್ಲವರಿಗೆ ಇದರ ನೋವು ತಿಳಿಯದಿರದು. ನಿವೃತ್ತರಾದ ಅನೇಕರು ದಾಂಡೇಲಿಯಲ್ಲಿಯೇ ಸ್ಥಳ ಕೊಂಡು ಮನೆ ಕಟ್ಟಿ ನಿಂತರೆಂಬುದು ಆ ಊರು ಅವರಿಗೆ ಊರಾಯಿತೆಂಬುದಕ್ಕೆ ಸಾಕ್ಷಿ. ಆದರೆ ಅವರ ಮಕ್ಕಳಲ್ಲಿ ಉಳಿದವರೆಷ್ಟು? ಪ್ಲೈವುಡ್ಡಿನ ಕಾರಖಾನೆಯೂ ಫೆರ್ರೋಮ್ಯಾಂಗನೀಸಿನ ಕಾರಖಾನೆಯೂ ಮುಚ್ಚಿದ ಮೇಲೆ, ಓದಿದ ಹುಡುಗನು ಹುಬ್ಬಳ್ಳಿ ಧಾರವಾಡ ಬೆಳಗಾವಿಗಳ ದಾರಿ ಹಿಡಿಯದೆ ವಿಧಿಯಿರಲಿಲ್ಲ. ಶಾಲೆಯು ಎಷ್ಟು ಚೆನ್ನಾಗಿದ್ದಿತೋ ಅಷ್ಟು ಬೇಗನೆ ಊರು ಮಕ್ಕಳನ್ನು ಕಳೆದುಕೊಂಡಿತು. ಇದು ದಾಂಡೇಲಿಯೊಂದರ ಕಥೆಯಲ್ಲ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದಾಗ ಒಂದು ಶತಮಾನಕ್ಕೂ ಮೀರಿ ಬಾಳಿದ ಕಂಪನಿಯ ಊರಿಗೆ ಆದುದೂ ಇದೇ.

ದಾಂಡೇಲಿಯಿಂದ ಮೇಲಕ್ಕೆ, ಕಾಳಿಯೂ ಪಾಂಢರಿಯೂ ಕೂಡುವಲ್ಲಿ ಸೂಪವೆಂಬ ಹಳೆಯ ಪೇಟೆಯಿತ್ತು; ತಾಲೂಕಿಗೂ ಅದರದೇ ಹೆಸರು. 1970ರಲ್ಲಿ ಹುಟ್ಟಿದ ಮೈಸೂರು ವಿದ್ಯುತ್ ನಿಗಮವು, ಮುಂದೆ ಕರ್ಣಾಟಕ ವಿದ್ಯುತ್ ನಿಗಮವೆಂದು ಹೆಸರಾದುದು, ಕಾಳೀಯೋಜನೆಯನ್ನು ಕೈಗೆತ್ತಿಕೊಂಡು ಗಣೇಶಗುಡಿಯಲ್ಲಿ 101 ಮೀಟರು ಎತ್ತರದ ಆಣೆಕಟ್ಟನ್ನು 1987ರಲ್ಲಿ ಪೂರ್ಣಗೊಳಿಸಿತು. ಅದರ ಕೆಳಗಡೆ ನಾಗಝರಿಯಲ್ಲಿ ವಿದ್ಯುದಾಗಾರ. ಅದರ ನೌಕರರಿಗೆ ಅಂಬಿಕಾನಗರ. ಆಣೆಕಟ್ಟಿನ ಊರುಗಳ ಆಯುಷ್ಯವು ಕಾರಖಾನೆಯ ಊರಿಗಿಂತಲೂ ವಿಚಿತ್ರ. ಕಟ್ಟುವ ಕಾಲದಲ್ಲಿ ಸಾವಿರಾರು ಜನ, ಗಿಜಿಗುಟ್ಟುವ ಶಾಲೆ, ಸಂತೆ, ಗಣೇಶೋತ್ಸವ. ಕಟ್ಟಿ ಮುಗಿದ ಮರುವರ್ಷದಿಂದ ಒಂದೊಂದೇ ಮನೆಗೆ ಬೀಗ. ಇಂಥ ಊರಿನ ಮಗುವು ಮೂರನೆಯ ಇಯತ್ತೆಯನ್ನು ಒಂದು ಆಣೆಕಟ್ಟಿನ ಮಗ್ಗುಲಲ್ಲಿಯೂ ಏಳನೆಯದನ್ನು ಇನ್ನೊಂದರ ಮಗ್ಗುಲಲ್ಲಿಯೂ ಓದುವುದು. ಅಲೆಮಾರಿಗಳ ಮಕ್ಕಳೆಂದರೆ ಗುಡಾರದಲ್ಲಿರುವವರೇ ಆಗಬೇಕೆಂದಿಲ್ಲ.

ನೀರು ನಿಂತಾಗ ಸೂಪ ಮುಳುಗಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು, ಹೆಸರೂ ಅದರ ಹಿಂದೆ ಹೋಯಿತು. ನಿರ್ವಸಿತರಾದ ಕುಟುಂಬಗಳಿಗೆ ಲೋಂಡೆಯಿಂದ ಗೋವೆಗೆ ಹೋಗುವ ದಾರಿಯಲ್ಲಿ ರಾಮನಗರವೆಂಬ ಹೊಸ ಊರು ಹೂಡಲ್ಪಟ್ಟಿತು. ಇಲ್ಲಿ ಕೊಟ್ಟದ್ದು ಹುದ್ದೆಗೆ ಅಂಟಿದ ಮನೆಯಲ್ಲ, ಸ್ವಂತದ್ದು. ಆ ಮಟ್ಟಿಗೆ ಕೌಟಿಲ್ಯನ ಬಾಲಕನಿಗೆ ಸೊತ್ತು ದೊರೆಯಿತೆನ್ನಬೇಕು. ಆದರೆ ಹೊಳೆಯ ದಂಡೆಯ ಗದ್ದೆ, ಹಿತ್ತಿಲಿನ ಹಲಸು, ಕಾಡಿನ ಮುರುಗಲು, ಮೀನು, ಜೇನು ಇವು ಅಳತೆಯ ನಿವೇಶನದೊಳಗೆ ಹಿಡಿಯುವಂಥವಲ್ಲ. ಹಳೆಯ ಸೂಪದ ಮಗುವು ಹೊಳೆಯಲ್ಲಿ ಈಜು ಕಲಿಯುತ್ತಿತ್ತು. ರಾಮನಗರದ ಮಗುವು ಹೆದ್ದಾರಿಯ ಲಾರಿಗಳನ್ನು ಎಣಿಸುತ್ತ ಬೆಳೆಯಿತು. ತಮ್ಮ ಊರನ್ನು ನುಂಗಿದ ನೀರಿನಿಂದ ಹುಟ್ಟಿದ ಬೆಳಕು ದೂರದ ನಗರಗಳನ್ನು ಬೆಳಗಿಸುತ್ತಿರುವಾಗ, ಜೋಯಿಡಾ ತಾಲೂಕಿನ ಅನೇಕ ಹಳ್ಳಿಗಳ ಮಕ್ಕಳು ಬಹುಕಾಲದ ವರೆಗೆ ಚಿಮಣಿಯ ಬುಡದಲ್ಲಿಯೇ ಅಭ್ಯಾಸ ಮಾಡಿದರು.

ಯಾವ ನಕ್ಷೆಯಲ್ಲಿಯೂ ಬಾರದ ಮಕ್ಕಳ ವಿಷಯವನ್ನು ಇಲ್ಲಿ ಒಂದು ಮಾತಿನಲ್ಲಿಯಾದರೂ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಹಳಿಯಾಳ ಮುಂಡಗೋಡಗಳ ಸಿದ್ದಿಯರು, ಗೌಳಿಯರು, ಜೋಯಿಡಾದ ಕುಣಬಿಯರು ಈ ಹೊಸ ಊರುಗಳಿಗಿಂತ ಎಷ್ಟೋ ಹಿಂದಿನಿಂದ ಇದೇ ಕಾಡಿನಲ್ಲಿದ್ದವರು. ಆಫ್ರಿಕೆಯಿಂದ ತರಲ್ಪಟ್ಟ ಪೂರ್ವಜರ ಸಂತತಿಯಾದ ಸಿದ್ದಿಯರನ್ನು ಈ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರೆಂದು ಗಣಿಸಿದ್ದು 2003ರಲ್ಲಿ. 1956ರಲ್ಲಿ ದಾಂಡೇಲಿಯ ಅಭಯಾರಣ್ಯ, 1987ರಲ್ಲಿ ಅಣಶಿಯ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಹುಲಿಗಳ ರಕ್ಷಿತಪ್ರದೇಶ ಎಂದು ಕಾಡಿಗೂ ಮೃಗಗಳಿಗೂ ಒಂದರ ಮೇಲೊಂದು ಯೋಜನೆಗಳಾದುವು. ಕಾಡಿನೊಳಗಣ ಹತ್ತು ಮನೆಯ ಕೇರಿಯ ಮಗುವು ಶಾಲೆಗೆ ಎಷ್ಟು ಮೈಲು ನಡೆಯಬೇಕೆಂಬುದನ್ನು ಯಾವ ಪೆರಿಯೂ ಅಳೆಯಲಿಲ್ಲ.

ಇನ್ನು ಮುಂಡಗೋಡ. ನಾಲ್ಕರಲ್ಲಿ ಇದರ ವೃತ್ತಾಂತವೇ ಹೆಚ್ಚು ದೀರ್ಘವಾಗಿ ಹೇಳತಕ್ಕದ್ದು. ಏಕೆಂದರೆ ಉಳಿದ ಊರುಗಳನ್ನು ಕಾಗದಕ್ಕಾಗಿ, ವಿದ್ಯುತ್ತಿಗಾಗಿ ಯೋಜಿಸಿ ಅದರೊಳಗೆ ಮಕ್ಕಳಿಗೆ ಎಡೆ ಮಾಡಿದರು. ಇಲ್ಲಿಯಾದರೋ ಮಕ್ಕಳ ಚಿಂತೆಯೇ ಊರನ್ನು ಹೂಡಿಸಿತು.

1959ರಲ್ಲಿ ದಲಾಯಿ ಲಾಮಾ ಅವರ ಹಿಂದೆ ಹಿಮಾಲಯವನ್ನು ದಾಟಿ ಬಂದ ಟಿಬೇಟಿಯನ್ನರಲ್ಲಿ ಸಾವಿರಾರು ಜನರಿಗೆ ಮೊದಲು ದೊರೆತ ಉದ್ಯೋಗವೆಂದರೆ ಪರ್ವತಪ್ರದೇಶದ ರಸ್ತೆಗಳಲ್ಲಿ ಕಲ್ಲೊಡೆಯುವುದು. ತಂದೆ ತಾಯಿಗಳು ಕಲ್ಲೊಡೆಯುವಾಗ ಕೂಸುಗಳು ದಾರಿಯ ಮಗ್ಗುಲ ಗುಡಾರಗಳಲ್ಲಿ ಬಿದ್ದಿರುತ್ತಿದ್ದುವು. ರೋಗದಿಂದ ಸತ್ತವು ಬಹಳ. 1960ನೆಯ ಮೇ 17ರಂದು ಜಮ್ಮುವಿನ ರಸ್ತೆಕೆಲಸದ ಬೀಡಿನಿಂದ 51 ಮಕ್ಕಳು ಧರ್ಮಶಾಲೆಗೆ ಬಂದಾಗ ದಲಾಯಿ ಲಾಮಾ ಅವರ ಅಕ್ಕನಾದ ತ್ಸೆರಿಂಗ್ ಡೋಲ್ಮಾ ಅವರು ಅವರನ್ನು ತಮ್ಮ ಮೇಲ್ವಿಚಾರಣೆಗೆ ತೆಗೆದುಕೊಂಡರು. ಅದಕ್ಕೆ ಎರಡು ತಿಂಗಳ ಮೊದಲು, ಮಾರ್ಚಿಯಲ್ಲಿ, ಮಸ್ಸೂರಿಯಲ್ಲಿ ಮೊದಲ ಟಿಬೇಟೀ ಶಾಲೆ ತೆರೆದಿತ್ತು. ಈ ಮಕ್ಕಳು ಭಾರತದ ಸಾಮಾನ್ಯ ಶಾಲೆಗಳಲ್ಲಿ ಚದುರಿಹೋದರೆ ಒಂದು ತಲೆಮಾರಿನೊಳಗೆ ತಮ್ಮ ನುಡಿಯನ್ನು ಮರೆಯುವರೆಂದು ಪ್ರಧಾನಿ ನೆಹರೂ ಅವರಿಗೂ ತೋರಿ, ಅವರಿಗಾಗಿಯೇ ಪ್ರತ್ಯೇಕ ಶಾಲೆಗಳಾಗಬೇಕೆಂಬ ಸಲಹೆ ಅವರಿಂದಲೇ ಬಂದಿತು. ಅದನ್ನು ನಡೆಸುವ ಕೇಂದ್ರೀಯ ಸಂಸ್ಥೆ 1961ರಲ್ಲಿ ಏರ್ಪಟ್ಟಿತು. ಆದರೆ ಶಾಲೆಯ ಸುತ್ತ ಊರಿಲ್ಲದಿದ್ದರೆ ಶಾಲೆಯು ಅನಾಥಾಲಯವಾಗುವುದು. ತಂದೆ ತಾಯಿಗಳೂ ಒಂದೇ ಕಡೆ ನಿಲ್ಲುವಂತೆ ನೆಲ ಬೇಕು. ನೆಲವನ್ನು ಕೊಟ್ಟ ರಾಜ್ಯಗಳಲ್ಲಿ ಮೈಸೂರು ಅಗ್ರಗಣ್ಯವಾಯಿತು. 1960ರಲ್ಲಿ ಬೈಲಕುಪ್ಪೆ, 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, ಮುಂಡಗೋಡ. ಸುಮಾರು ನಾಲ್ಕು ಸಾವಿರ ಎಕರೆ ಕಾಡುಭೂಮಿಯಲ್ಲಿ ಎದ್ದ ಈ ವಸತಿಗೆ ಅವರ ನುಡಿಯಲ್ಲಿ ದೋಗುಲಿಂಗ್ ಎಂದು ಹೆಸರು.

ವಸತಿಯನ್ನು ಒಂದೇ ಊರಾಗಿ ಕಟ್ಟದೆ, ಹೊಲಗಳ ನಡುವೆ ಒಂದಿಷ್ಟು ಅಂತರದಲ್ಲಿ ಕ್ಯಾಂಪುಗಳೆಂಬ ಸಣ್ಣ ಸಣ್ಣ ಹಳ್ಳಿಗಳಾಗಿ ಹಂಚಿದರು. ಅವುಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಒಂದು, ಎರಡು, ಮೂರು ಎಂದು. ಗೃಹಸ್ಥರ ಹಳ್ಳಿಗಳಲ್ಲದೆ ಲಾಮಾ ಕ್ಯಾಂಪುಗಳು ಬೇರೆ. ಪ್ರತಿಯೊಂದು ಹಳ್ಳಿಗೂ ಜನರೇ ಆರಿಸಿದ ಮುಖ್ಯಸ್ಥ, ಎಲ್ಲಕ್ಕೂ ಸೇರಿ ಧರ್ಮಶಾಲೆಯಿಂದ ನೇಮಕವಾದ ಅಧಿಕಾರಿ, ಬೀಜ ಗೊಬ್ಬರ ಮಾರಾಟಗಳಿಗೆ ಸಹಕಾರೀ ಸಂಘ, ಕೂಸುಗಳಿಗೆ ಶಿಶುವಿಹಾರ, ಆಸ್ಪತ್ರೆ, ಮಕ್ಕಳಿಲ್ಲದ ಮುದುಕರಿಗೆ ವೃದ್ಧಾಶ್ರಮ. ಅರ್ಥಶಾಸ್ತ್ರದ ಜನಪದನಿವೇಶವನ್ನು ಓದಿ ಈ ವಸತಿಯನ್ನು ನೋಡಿದವನಿಗೆ ಎರಡರ ಸಾಮ್ಯ ಬೆರಗು ಹುಟ್ಟಿಸುವುದು. ಕೌಟಿಲ್ಯನನ್ನು ಇವರು ಓದಿರಲಾರರು. ಅಗತ್ಯವೇ ಗುರುವಾಗಿ ಅದನ್ನು ಕಲಿಸಿರಬೇಕು. ಮಂಜಿನ ನಾಡಿನವರಿಗೆ ಮಲೆನಾಡಿನ ಸೆರಗಿನ ಸೆಕೆ, ಮಳೆ, ಜ್ವರಗಳು ಸುಲಭವಾಗಿ ಒಗ್ಗಲಿಲ್ಲ. ಬಾರ್ಲಿ ಬೆಳೆದ ಕೈಗಳು ಭತ್ತ, ಗೋವಿನಜೋಳ ಬೆಳೆಯಲು ಕಲಿಯಬೇಕಾಯಿತು. ಪೈರು ಬಲಿತಾಗ ದಾಂಡೇಲಿಯ ಕಾಡಿನ ಆನೆಗಳು ಪಾಲು ಕೇಳಲು ಬಂದುವು.

ಟಿಬೇಟವನ್ನು ಸಂಸ್ಕೃತದ ತ್ರಿವಿಷ್ಟಪವೆಂದು ಹೇಳುವವರುಂಟು. ಅಮರಸಿಂಹನು ತ್ರಿವಿಷ್ಟಪವನ್ನು ಸ್ವರ್ಗದ ಪರ್ಯಾಯಗಳಲ್ಲಿ ಎಣಿಸಿದ್ದಾನೆಯೇ ಹೊರತು ದೇಶವನ್ನಾಗಿ ಅಲ್ಲ; ಶಬ್ದಸಾಮ್ಯ ಮಾತ್ರದಿಂದ ಭೂಗೋಳವನ್ನು ಸಾಧಿಸಲಾಗದು. ಆದರೆ ಇವರಿಗೂ ಸಂಸ್ಕೃತಕ್ಕೂ ಇರುವ ನಿಜವಾದ ನಂಟು ಇದಕ್ಕಿಂತ ದೊಡ್ಡದು. ಲ್ಹಾಸಾ ಪರಿಸರದಲ್ಲಿ 1409ರಲ್ಲಿ ಹುಟ್ಟಿದ ಗಾಂಡೆನ್, 1416ರಲ್ಲಿ ಹುಟ್ಟಿದ ಡ್ರೆಪುಂಗ್ ಎಂಬ ಎರಡು ಮಹಾವಿಹಾರಗಳ ಉಳಿದ ಭಿಕ್ಷುಗಳು, ಬಂಗಾಲದ ಬಕ್ಸಾ ಎಂಬ ಹಳೆಯ ಸೆರೆಕೋಟೆಯಲ್ಲಿ ಹತ್ತು ವರ್ಷ ರೋಗದಿಂದ ನವೆದು, 1969ರ ಸುಮಾರಿಗೆ ಮುಂಡಗೋಡಕ್ಕೆ ಬಂದು ವಿಹಾರಗಳನ್ನು ಮತ್ತೆ ಕಟ್ಟಿದರು. ಅಲ್ಲಿ ಪಾಠವಾಗುವುದು ದಿಙ್ನಾಗ, ಧರ್ಮಕೀರ್ತಿಗಳ ಪ್ರಮಾಣಶಾಸ್ತ್ರ. ದಿಙ್ನಾಗನ ಪ್ರಮಾಣಸಮುಚ್ಚಯದ ಮೂಲವು ಭಾರತದಲ್ಲಿ ಬಹುಕಾಲದ ಹಿಂದೆಯೇ ಲುಪ್ತವಾಗಿ ಟಿಬೇಟೀ ಅನುವಾದದಲ್ಲಿ ಉಳಿದುಕೊಂಡಿತು. ಅವನು ಕಂಚಿಯ ಸೀಮೆಯವನೆಂದು ಅವರ ಪರಂಪರೆ. ತಾಳಗುಂದದ ಮಯೂರಶರ್ಮನು ವಿದ್ಯೆಗಾಗಿ ಹೋದದ್ದೂ ಕಂಚಿಯ ಘಟಿಕೆಗೇ. ಸಂಜೆಯ ಹೊತ್ತು ಅಂಗಳದಲ್ಲಿ ಒಬ್ಬ ಬಾಲಭಿಕ್ಷುವು ನಿಂತು, ಎದುರು ಕುಳಿತವನ ಮುಂದೆ ಚಪ್ಪಾಳೆಯೊಡನೆ ಕಾಲಪ್ಪಳಿಸಿ ಪೂರ್ವಪಕ್ಷವನ್ನು ಎಸೆಯುವುದನ್ನು ಕಂಡ ನಮ್ಮ ಕಡೆಯ ಶಾಸ್ತ್ರಿಗಳಿಗೆ, ವಾಕ್ಯಾರ್ಥಗೋಷ್ಠಿಯು ಇಷ್ಟು ಉತ್ಸಾಹದ ಆಟವಾಗಬಹುದೆಂದು ಆಶ್ಚರ್ಯವಾಗದಿರದು. ಈ ಬಾಲಕರಲ್ಲಿ ಲಡಾಖ, ಅರುಣಾಚಲ, ನೇಪಾಳಗಳಿಂದ ಬಂದವರೂ ಅನೇಕರು. ಏಳೆಂಟು ವರ್ಷದ ಕೂಸನ್ನು ತಾಯಿಯಿಂದ ಇಷ್ಟು ದೂರಕ್ಕೆ ಕಳಿಸುವುದು ತಕ್ಕದ್ದೇ ಎಂಬ ಪ್ರಶ್ನೆಯನ್ನು ಕೇಳದಿರಲಾಗದು. ಉಪನಯನವಾದ ವಟುವನ್ನು ಗುರುಕುಲಕ್ಕೆ ಕಳಿಸಿದ ನಾಡು ಅದನ್ನು ಸ್ವಲ್ಪ ಮೆಲುದನಿಯಲ್ಲಿ ಕೇಳಬೇಕಷ್ಟೆ.

ಗೃಹಸ್ಥರ ಮಕ್ಕಳ ಬಾಲ್ಯ ಬೇರೆಯ ರೀತಿಯದು. ಮಳೆಯ ಬೆಳೆಯಿಂದ ವರ್ಷ ಸಾಗದೆ, ಸುಗ್ಗಿ ಮುಗಿದೊಡನೆ ತಂದೆ ತಾಯಿಗಳು ಉಣ್ಣೆಯ ಅಂಗಿಗಳ ಗಂಟು ಹೊತ್ತು ದೂರದ ನಗರಗಳಿಗೆ ಹೊರಡುವರು. ಚಳಿಗಾಲದ ತಿಂಗಳುಗಳಲ್ಲಿ ಮಕ್ಕಳಿಗೆ ಅಜ್ಜಿಯೇ ತಾಯಿ. ಶಾಲೆಯ ವಸತಿಗೃಹವೇ ಮನೆ. ತಮ್ಮ ದೇಶವನ್ನು ಕಣ್ಣಾರೆ ಕಂಡವರು ಆ ಅಜ್ಜ ಅಜ್ಜಿಯರೇ ಆದುದರಿಂದ, ತಂದೆ ತಾಯಿಗಳ ಈ ಗೈರುಹಾಜರಿಯೇ ನುಡಿಯನ್ನೂ ಕಥೆಗಳನ್ನೂ ಮೊಮ್ಮಕ್ಕಳಿಗೆ ಇಳಿಸುವ ಸಾಧನವಾಯಿತೆಂಬುದು ವಿಧಿಯ ವೈಚಿತ್ರ್ಯ. ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿಯೇ ಆಗಬೇಕೆಂಬ ನೀತಿಯನ್ನು ಅವರು 2004ರಲ್ಲಿ ಅಂಗೀಕರಿಸಿದರು. ಅವರ ಶಾಲೆಗಳ ಕೇಂದ್ರೀಯ ಪಾಠಕ್ರಮದಲ್ಲಿ ಟಿಬೇಟೀ, ಇಂಗ್ಲಿಷು, ಹಿಂದೀ ಇವುಗಳೇ ಮುಖ್ಯ. ಕನ್ನಡವು ಮುಂಡಗೋಡದ ಸಂತೆಯಲ್ಲಿ ಕಲಿತದ್ದು. ಸುತ್ತಲಿನ ಹಳ್ಳಿಯ ರೈತರು ಅವರ ಹೊಲಗಳಲ್ಲಿ ದುಡಿದರು, ಅವರ ಆಸ್ಪತ್ರೆಗೆ ಹೋದರು, ಅವರ ಅಂಗಡಿಗಳೊಡನೆ ವ್ಯಾಪಾರ ಮಾಡಿದರು. ಮಕ್ಕಳು ಮಾತ್ರ ಒಂದೇ ಬೆಂಚಿನ ಮೇಲೆ ಕುಳಿತದ್ದು ಕಡಿಮೆ. ದಾಂಡೇಲಿಯ ಮಗುವಿಗೆ ಎಂಟು ನುಡಿ ದೊರೆತು ತನ್ನದೆಂಬುದು ಸಡಿಲವಾಯಿತು. ಮುಂಡಗೋಡದ ಮಗುವಿಗೆ ತನ್ನ ನುಡಿ ಭದ್ರವಾಗಿ ಉಳಿದು ನೆರೆಯವನ ನುಡಿ ದೂರವಾಯಿತು. ಯಾವುದು ಲೇಸೆಂದು ತೀರ್ಮಾನಿಸುವುದು ಕಠಿಣವಾದರೂ, ಕನ್ನಡದ ನೆಲದಲ್ಲಿ ಅರ್ಧ ಶತಮಾನಕ್ಕೂ ಮೀರಿ ಬಾಳಿದ ಮಕ್ಕಳಿಗೆ ಕನ್ನಡದ ಅಕ್ಷರವನ್ನು ಕಲಿಸುವ ಏರ್ಪಾಡು ಅವರ ಕಡೆಯಿಂದಾಗಲಿ ನಮ್ಮ ಕಡೆಯಿಂದಾಗಲಿ ಸಾಕಷ್ಟು ಆಗದಿದ್ದುದು ಎರಡು ಕಡೆಗೂ ನಷ್ಟವೇ.

ಇಷ್ಟೊಂದು ಆಸ್ಥೆಯಿಂದ ಮಕ್ಕಳಿಗಾಗಿ ಹೂಡಿದ ಊರಿನಲ್ಲಿಯೂ ಮಕ್ಕಳು ಕಡಿಮೆಯಾಗುತ್ತ ಬಂದಿದ್ದಾರೆ. ಹೆರಿಗೆಗಳು ಕಡಿಮೆ, ಓದಿದವರು ಬೆಂಗಳೂರಿಗೋ, ಅಮೇರಿಕೆ ಕೆನಡಾಗಳಿಗೋ ಹೊರಟುಹೋಗುವರು. ಈಗ ಗೃಹಸ್ಥರಿಗಿಂತ ಭಿಕ್ಷುಗಳ ಸಂಖ್ಯೆಯೇ ಹೆಚ್ಚು. ಮನೆಯುಂಟು, ಹೊಲವುಂಟು, ಆದರೆ ನೆಲವು ಸರಕಾರದ ಗುತ್ತಿಗೆಯದು. ಕೇಂದ್ರ ಸರಕಾರದ 2014ರ ಪುನರ್ವಸತಿ ನೀತಿಯು ಇಪ್ಪತ್ತು ವರ್ಷಗಳ ಗುತ್ತಿಗೆಯನ್ನು ಹೇಳುತ್ತದೆ. ಇಪ್ಪತ್ತು ವರ್ಷವೆಂದರೆ ಒಂದು ಕೂಸು ಹುಟ್ಟಿ ವ್ಯವಹಾರಯೋಗ್ಯವಾಗುವಷ್ಟೇ ಕಾಲ.

ಇದರ ಮೇಲೆ ಪೌರತ್ವದ ತೊಡಕು ಬೇರೆ. ಭಾರತದ ಕಾಯಿದೆಯಂತೆ 1950ನೆಯ ಜನವರಿ 26ರಿಂದ ಮೊದಲ್ಗೊಂಡು 1987ನೆಯ ಜುಲೈ 1ಕ್ಕಿಂತ ಮೊದಲು ಈ ದೇಶದಲ್ಲಿ ಹುಟ್ಟಿದವರು ಜನ್ಮತಃ ಪೌರರು. ಆ ದಿನದಿಂದ ಈಚೆಗೆ ಹುಟ್ಟಿದವರಿಗೆ ತಂದೆ ತಾಯಿಗಳಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2010ರಲ್ಲಿ ದಿಲ್ಲಿಯ ಉಚ್ಚನ್ಯಾಯಾಲಯವೂ 2013ರಲ್ಲಿ ಕರ್ಣಾಟಕದ ಉಚ್ಚನ್ಯಾಯಾಲಯವೂ ಟಿಬೇಟಿಯನ್ನರ ಮಕ್ಕಳಿಗೆ ಈ ಹಕ್ಕು ಸಲ್ಲುವುದೆಂದು ತೀರ್ಪಿತ್ತವು. 2014ರಲ್ಲಿ ಅವರ ಹೆಸರುಗಳನ್ನು ಮತದಾರರ ಪಟ್ಟಿಯಲ್ಲಿ ಸೇರಿಸುವಂತೆ ಚುನಾವಣಾ ಆಯೋಗವು ಆದೇಶಿಸಿತು. ಹೀಗಾಗಿ, ಹಿಮಾಲಯವನ್ನು ಕಾಲ್ನಡಿಗೆಯಿಂದ ದಾಟಿ ಬಂದ ದಂಪತಿಗಳಿಗೆ ಮುಂಡಗೋಡದ ಒಂದೇ ಮನೆಯಲ್ಲಿ 1980ರಲ್ಲಿ ಮಗಳೂ 1988ರಲ್ಲಿ ಮಗನೂ ಹುಟ್ಟಿದ್ದರೆ, ಅಕ್ಕನು ಭಾರತದ ಪೌರಳು, ತಮ್ಮನು ವಿದೇಶೀಯನು. ಅಕ್ಕನಿಗೆ ದೊರೆತ ಹಕ್ಕಾದರೂ ಎಂಥದು? ಹೀಗೆ ಪೌರರಾದವರು ಪಾಸಪೋರ್ಟು ಬೇಡಿದರೆ ನಿರಾಶ್ರಿತರ ನೋಂದಣಿಪತ್ರವನ್ನು ರದ್ದುಪಡಿಸಿಕೊಳ್ಳಬೇಕು, ನಿರಾಶ್ರಿತರಿಗೆ ಸಲ್ಲುವ ಸವಲತ್ತುಗಳನ್ನು ಬಿಡಬೇಕು, ನಿರಾಶ್ರಿತರ ವಸತಿಯಲ್ಲಿ ವಾಸಿಸುತ್ತಿರಬಾರದು ಎಂದು ವಿದೇಶಾಂಗ ಇಲಾಖೆಯು 2017ರಲ್ಲಿ ಷರತ್ತು ವಿಧಿಸಿತು. ಹುಟ್ಟಿದ ನೆಲದ ಹಕ್ಕಿನ ಪತ್ರವನ್ನು ಕೈಗೆ ತೆಗೆದುಕೊಳ್ಳುವ ದಿನ ಅವಳು ಹುಟ್ಟಿದ ಮನೆಯಿಂದ ಪೆಟ್ಟಿಗೆ ಕಟ್ಟಬೇಕು. ತಮ್ಮನು ಆ ಮನೆಯಲ್ಲಿಯೇ ಉಳಿಯಬಹುದು. ಆದರೆ ಕಾಲಕಾಲಕ್ಕೆ ಕಚೇರಿಗೆ ಹೋಗಿ, ತಾನು ಹೊರಗಿನವನೆಂಬ ಪತ್ರವನ್ನು ಹೊಸದಾಗಿ ಬರೆಯಿಸಿಕೊಂಡು ಬರಬೇಕು.